ಸಾವನದುರ್ಗದ ಶಿಲಾರೋಹಣ

ಮಾಗಡಿಯ ಸಮೀಪದಲ್ಲಿ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರಕ್ಕೆ ತಲೆಯೆತ್ತಿ ನಿಂತಿರುವ ಸಾವನದುರ್ಗವು, 1791ರಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯಕ್ಕೆ ವಶವಾದ ಗಿರಿದುರ್ಗವೆಂದು ಚರಿತ್ರೆಯಲ್ಲಿ ಪ್ರಸಿದ್ಧವಾಗಿದ್ದರೂ, ಅದರ ನಿಜವಾದ ವೈಭವವನ್ನು ಬಲ್ಲವರು ಶಿಲಾರೋಹಿಗಳೇ ಸರಿ. ಆ ಗ್ರಾನೈಟ್ ಬಂಡೆಯ ವಿಶಾಲವಾದ ಇಳಿಜಾರಿನಲ್ಲಿ ಬೆರಳಿಗೆ ಸಿಕ್ಕುವ ಬಿರುಕಾಗಲಿ ಅಂಚಾಗಲಿ ಬಹುದೂರದವರೆಗೆ ದೊರೆಯದಿರುವುದರಿಂದ, ಆರೋಹಿಯು ಹಿಮ್ಮಡಿಯನ್ನು ತಗ್ಗಿಸಿ, ಸೊಂಟವನ್ನು ಕಲ್ಲಿನಿಂದ ದೂರವಿರಿಸಿ, ದೇಹಭಾರವನ್ನೆಲ್ಲ ಪಾದರಕ್ಷೆಯ ರಬ್ಬರಿನ ಮೇಲೆ ಹೊರಿಸಿ, ಸ್ಫಟಿಕಕಣಗಳ ಒರಟಿನಿಂದ ಹುಟ್ಟುವ ಘರ್ಷಣೆಯೊಂದನ್ನೇ ನಂಬಿ ಹೆಜ್ಜೆಯಿಡಬೇಕಾಗುತ್ತದೆ. ಭಯದಿಂದ ಬಂಡೆಯನ್ನು ಅವಚಿಕೊಂಡನೋ, ಭಾರವು ಪಾದದಿಂದ ಸರಿದು ಕಾಲು ಜಾರುತ್ತದೆ. ಬಾಹುಬಲಕ್ಕಿಂತ ಪಾದದ ವಿವೇಕವನ್ನು ಬೇಡುವ ಈ ವಿದ್ಯೆಯೇ ಆರೋಹಣಗಳಲ್ಲಿ ಮೇಲಾದುದೆಂದು ನನ್ನ ದೃಢವಾದ ನಂಬಿಕೆ. ಬೇಸಗೆಯಲ್ಲಿ ಕಾದ ಕಲ್ಲು ಹಿಡಿತವನ್ನು ಕೆಡಿಸುವುದರಿಂದ ಪ್ರಾತಃಕಾಲವೇ ಪ್ರಶಸ್ತ; ಮಳೆಗಾಲದಲ್ಲಂತೂ ನೀರಿಳಿದು ಕಪ್ಪಾದ ಪಟ್ಟೆಗಳ ಬಳಿ ಸುಳಿಯಲೇಬಾರದು.