ಕಾಗೋಡಿನಿಂದ ಜಾಕ್ಸನ್‌ಗೆ: ದೇಶಭಕ್ತಿಯನ್ನು ಅಳೆಯುವ ಬಗೆ

1951ರ ಜೂನ್‌ನಲ್ಲಿ ಸಾಗರದ ರೈಲು ನಿಲ್ದಾಣದಲ್ಲಿ ಪೊಲೀಸರು ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರನ್ನು ಬಂಧಿಸಿದರು. ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕೆ ಬೆಂಬಲವಾಗಿ ಅವರು ಬಂದಿದ್ದರು. ಹದಿಮೂರು ವರ್ಷದ ಮೇಲೆ, 1964ರ ಮೇ ಕೊನೆಯಲ್ಲಿ, ಅಮೆರಿಕದ ಮಿಸ್ಸಿಸ್ಸಿಪ್ಪಿ ರಾಜ್ಯದ ಜಾಕ್ಸನ್ ಪಟ್ಟಣದಲ್ಲಿ ಪೊಲೀಸರು ಅವರನ್ನು ಮತ್ತೆ ಹಿಡಿದರು. ಬಿಳಿಯರಿಗೆ ಮಾತ್ರ ಊಟ ಕೊಡುತ್ತಿದ್ದ ಕೆಫೆಟೀರಿಯಾದ ಬಾಗಿಲು ಬಿಟ್ಟು ಕದಲಲು ಅವರು ಒಪ್ಪಿರಲಿಲ್ಲ.

ಈ ಎರಡು ಬಂಧನಗಳನ್ನು ಜೊತೆಗಿಟ್ಟು ಓದುವ ರೂಢಿ ನಮ್ಮಲ್ಲಿಲ್ಲ. ಕಾಗೋಡು ರೈತ ಚಳವಳಿಯ ಚರಿತ್ರೆಗೆ ಸೇರಿತು. ಜಾಕ್ಸನ್ ಲೋಹಿಯಾ ಬದುಕಿನ ಒಂದು ಪ್ರಸಂಗವಾಗಿ ಉಳಿಯಿತು. ನನ್ನ ಮಟ್ಟಿಗೆ ಇವೆರಡೂ ಸೇರಿ ಒಂದೇ ಕೃತಿ. ಹೊರಗಿನವನೊಬ್ಬ ಅಮೆರಿಕದ ದೇಶಪ್ರೇಮವನ್ನು ಹೇಗೆ ನೋಡಬೇಕು ಎಂಬುದಕ್ಕೆ ನಮ್ಮ ಕಡೆಯಿಂದ ಇದಕ್ಕಿಂತ ಒಳ್ಳೆಯ ವಿಮರ್ಶೆ ಹೋಗಿಲ್ಲ. ಅದರ ಬೇರು ಸಾಗರ ತಾಲ್ಲೂಕಿನ ಗದ್ದೆಗಳಲ್ಲಿದೆ ಎಂಬ ಕಾರಣಕ್ಕೆ ನಾವು ಅದನ್ನು ಇನ್ನಷ್ಟು ಎಚ್ಚರದಿಂದ ಓದಬೇಕು.

ನಾವು ಸಾಮಾನ್ಯವಾಗಿ ಅಮೆರಿಕವನ್ನು ನೋಡುವ ಬಗೆ ಬೇರೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಎಷ್ಟೋ ಮನೆಗಳಿಂದ ಮಕ್ಕಳು ಅಲ್ಲಿಗೆ ಹೋಗಿ ನೆಲೆಸಿದ್ದಾರೆ. ಮಗಳ ಬಾಣಂತನಕ್ಕೋ ಮೊಮ್ಮಕ್ಕಳ ಜೊತೆ ನಾಲ್ಕು ದಿನ ಇರಲಿಕ್ಕೋ ಹೋದ ಹಿರಿಯರು ಆರು ತಿಂಗಳಿದ್ದು ಅಡಿಕೆ ಕೊಯ್ಲಿನ ಹೊತ್ತಿಗೆ ಮರಳುತ್ತಾರೆ. ಜಗಲಿಯಲ್ಲಿ ಕೂತು ಅವರು ಹೇಳುವ ಸುದ್ದಿಯಲ್ಲಿ ಬಾವುಟದ ಮಾತು ಬಂದೇ ಬರುತ್ತದೆ. "ಅವರ ದೇಶಭಕ್ತಿ ನೋಡಬೇಕು ಮಾರಾಯ್ರೇ, ಮನೆಮನೆ ಮುಂದೂ ಬಾವುಟ. ಹಬ್ಬವೂ ಬೇಡ, ಸರ್ಕಾರ ಹೇಳುವುದೂ ಬೇಡ." ಶಾಲೆಯಲ್ಲಿ ಮೊಮ್ಮಗ ಬೆಳಿಗ್ಗೆ ಎದೆಯ ಮೇಲೆ ಕೈಯಿಟ್ಟು ಬಾವುಟದ ಕಡೆ ತಿರುಗಿ ಪ್ರತಿಜ್ಞೆ ಹೇಳುವುದು, ಆಟದ ಮೈದಾನದಲ್ಲಿ ರಾಷ್ಟ್ರಗೀತೆಗೆ ಜನವೆಲ್ಲ ಏಳುವುದು, ಸೈನಿಕನನ್ನು ಕಂಡರೆ ಗುರುತಿಲ್ಲದವರೂ ಕೈಕುಲುಕಿ ಕೃತಜ್ಞತೆ ಹೇಳುವುದು, ಎಲ್ಲವೂ ವರ್ಣನೆಗೆ ಬರುತ್ತದೆ. ಕೊನೆಯಲ್ಲಿ ಒಂದು ನಿಟ್ಟುಸಿರು: ನಮ್ಮವರಿಗೆ ಇದೆಲ್ಲ ಯಾವಾಗ ಬರುತ್ತದೋ.

ಈ ಮೆಚ್ಚುಗೆ ಪ್ರಾಮಾಣಿಕವಾದದ್ದು. ಅದರ ಎದುರಿಗೆ ಇನ್ನೊಂದು ಪಂಥವಿದೆ. ವಿಯೆಟ್ನಾಂ, ಇರಾಕ್ ಯುದ್ಧಗಳನ್ನು ನೆನೆದು, ಅಮೆರಿಕದವರ ದೇಶಪ್ರೇಮವೆಂದರೆ ಅಹಂಕಾರ, ಜಗತ್ತಿನ ಭೂಪಟವನ್ನೂ ಸರಿಯಾಗಿ ನೋಡದವರ ಗತ್ತು ಎಂದು ತಳ್ಳಿಹಾಕುವ ಪಂಥ. ಯುರೋಪಿನಲ್ಲೂ ಈ ಮಾತು ಹಳೆಯದು. ಒಬ್ಬರು ಬಾವುಟಕ್ಕೆ ಕೈಮುಗಿಯುತ್ತಾರೆ, ಇನ್ನೊಬ್ಬರು ಮೂಗು ಮುರಿಯುತ್ತಾರೆ. ಇಬ್ಬರ ಕಣ್ಣೂ ಬಾವುಟದ ಕಂಬ ದಾಟಿ ಮುಂದೆ ಹೋಗುವುದಿಲ್ಲ.

ನಮ್ಮ ಪ್ರವಾಸ ಸಾಹಿತ್ಯವೂ ಈ ಮಿತಿಯನ್ನು ಪೂರ್ತಿ ದಾಟಿದೆ ಎನ್ನಲಾರೆ. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಅಮೆರಿಕದಲ್ಲಿ ಗೊರೂರು' ಕನ್ನಡದ ಸಾಮಾನ್ಯ ಓದುಗನಿಗೆ ಆ ದೇಶವನ್ನು ಮನೆಯ ಪಡಸಾಲೆಗೇ ತಂದುಕೊಟ್ಟ ಪುಸ್ತಕ. ಅದರ ಸ್ನೇಹ, ಕುತೂಹಲ, ಹದವಾದ ನಗೆ ಇವತ್ತಿಗೂ ಮಾಸಿಲ್ಲ. ಆದರೆ ಅದು ಮಕ್ಕಳ ಮನೆಗೆ ಹೋದ ಹಿರಿಯರ ಕಣ್ಣು. ಅತಿಥಿಗೆ ಒಂದು ಮರ್ಯಾದೆ ಇರುತ್ತದೆ. ಉಂಡ ಮನೆಯ ಒಳಜಗಳವನ್ನು ಅವನು ಕೆದಕುವುದಿಲ್ಲ. ದೇಶಪ್ರೇಮದ ನಿಜರೂಪ ಇರುವುದು ಆ ಒಳಜಗಳದಲ್ಲೇ.

ಮೊಮ್ಮಗ ಹೇಳುವ ಪ್ರತಿಜ್ಞೆಯನ್ನೇ ಹತ್ತಿರದಿಂದ ನೋಡೋಣ. ಅದನ್ನು 1892ರಲ್ಲಿ ಬರೆದವನು ಫ್ರಾನ್ಸಿಸ್ ಬೆಲ್ಲಮಿ ಎಂಬ ಪಾದ್ರಿ, ಕ್ರೈಸ್ತ ಸಮಾಜವಾದಿ. ದೇವರ ಹೆಸರು ಅದಕ್ಕೆ ಸೇರಿದ್ದು 1954ರಲ್ಲಿ, ಕಮ್ಯುನಿಸಂನ ಭಯ ಜೋರಾಗಿದ್ದ ದಿನಗಳಲ್ಲಿ. ಎರಡನೆಯ ಮಹಾಯುದ್ಧದ ನಡುವೆ, ದೇಶಭಕ್ತಿ ಉಕ್ಕುತ್ತಿದ್ದ ಕಾಲದಲ್ಲೇ, ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮಕ್ಕಳು ಬಾವುಟಕ್ಕೆ ವಂದಿಸುವುದಿಲ್ಲ ಎಂದರು. ಅವರನ್ನು ಶಾಲೆಯಿಂದ ಹೊರಹಾಕಲಾಯಿತು. 1943ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಮಕ್ಕಳ ಪರ ತೀರ್ಪು ಕೊಟ್ಟಿತು: ಯಾವ ಮಗುವನ್ನೂ ಬಾವುಟಕ್ಕೆ ವಂದಿಸುವಂತೆ ಬಲವಂತ ಮಾಡುವ ಹಾಗಿಲ್ಲ. ಆ ತೀರ್ಪು ನಮಗೂ ನೆರವಾಯಿತು. ಕೇರಳದ ಶಾಲೆಯೊಂದು ಅದೇ ಪಂಥದ ಮೂವರು ಮಕ್ಕಳನ್ನು ರಾಷ್ಟ್ರಗೀತೆ ಹಾಡಲಿಲ್ಲವೆಂದು ಹೊರಹಾಕಿದಾಗ, 1986ರ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಅದನ್ನು ನೆನೆದೇ ಮಕ್ಕಳ ಪರ ನಿಂತರು. ಮಕ್ಕಳು ಗೌರವದಿಂದ ಎದ್ದು ನಿಂತಿದ್ದರು, ಹಾಡದಿರುವುದು ಅಪಮಾನವಲ್ಲ ಎಂಬುದು ಆ ತೀರ್ಪಿನ ಸಾರ. ಅಮೆರಿಕದಲ್ಲಿ ಮೆಚ್ಚಬೇಕಾದ ದೇಶಪ್ರೇಮ ಪ್ರತಿಜ್ಞೆ ಹೇಳುವ ಮಗುವಿನಲ್ಲಿ ಎಷ್ಟಿದೆಯೋ, ಹೇಳದೆ ಕೂತ ಮಗುವನ್ನು ಕಾಯುವ ಕಾನೂನಿನಲ್ಲೂ ಅಷ್ಟೇ ಇದೆ. ಜಗಲಿಯ ಸುದ್ದಿಯಲ್ಲಿ ಈ ಎರಡನೆಯದು ಬರುವುದಿಲ್ಲ.

ಲೋಹಿಯಾ ನೋಡಿದ್ದು ಇನ್ನೂ ಕೆಳಗಿನಿಂದ. ಅವರ ನೋಟ ಅರ್ಥವಾಗಬೇಕಾದರೆ ಕಾಗೋಡಿಗೆ ಹೋಗಬೇಕು. ಭತ್ತ ಅಳೆಯುವ ಕೊಳಗದಿಂದ ಅಲ್ಲಿನ ಜಗಳ ಹೊತ್ತಿಕೊಂಡಿತು. ಒಕ್ಕಲು ಗೇಣಿ ಅಳೆದುಕೊಡುವಾಗ ಒಡೆಯರ ಕಣದಲ್ಲಿ ಇರುತ್ತಿದ್ದ ಕೊಳಗ ದೊಡ್ಡದು. ಒಕ್ಕಲಿಗೆ ಭತ್ತ ಕೊಡುವಾಗ ಬರುತ್ತಿದ್ದದ್ದು ಚಿಕ್ಕದು. ಗೇಣಿದಾರರಲ್ಲಿ ಹೆಚ್ಚಿನವರು ದೀವರ ಸಮುದಾಯದವರು. ಅವರನ್ನು ಸಂಘಟಿಸಿದವರು ಶಾಲಾ ಮಾಸ್ತರಾಗಿದ್ದ ಎಚ್. ಗಣಪತಿಯಪ್ಪ. ಒಡೆಯರು ಉಳುಮೆಗೆ ಅಡ್ಡಿಯಾದಾಗ, 1951ರ ಏಪ್ರಿಲ್‌ನಲ್ಲಿ, ರೈತರು ತಂಡತಂಡವಾಗಿ ನೇಗಿಲು ಹಿಡಿದು ಗದ್ದೆಗಿಳಿದರು. ಇಳಿದವರನ್ನು ಇಳಿದಹಾಗೆ ಬಂಧಿಸಲಾಯಿತು. ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿ ಪಕ್ಷದ ಗೆಳೆಯರು ಬೆನ್ನಿಗೆ ನಿಂತರು. ಗಮನಿಸಬೇಕಾದದ್ದು ಇಲ್ಲಿದೆ: ಬಂಧಿಸಿದ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರದೇ ಆಗಿತ್ತು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಗೋಪಾಲಗೌಡರು 1942ರಲ್ಲಿ ವಿದ್ಯಾರ್ಥಿಯಾಗಿ ದೇಶಕ್ಕಾಗಿ ಜೈಲು ಕಂಡವರು. ಒಂಬತ್ತು ವರ್ಷದ ಮೇಲೆ ಸ್ವತಂತ್ರ ದೇಶದಲ್ಲಿ ಮತ್ತೆ ಜೈಲು ಕಂಡರು. ಎರಡನೆಯ ಜೈಲು ಮೊದಲನೆಯದಕ್ಕಿಂತ ಕಡಿಮೆ ದೇಶಭಕ್ತಿಯದೆಂದು ಯಾರು ಹೇಳಬಲ್ಲರು? 1952ರ ಚುನಾವಣೆಯಲ್ಲಿ ಸಾಗರ-ಹೊಸನಗರದ ಜನ ಅವರನ್ನು ಗೆಲ್ಲಿಸಿ ಉತ್ತರ ಕೊಟ್ಟರು.

ಕಾಗೋಡಿನ ಬಂಧನದ ಬೆನ್ನಿಗೇ, ಅದೇ ವರ್ಷ ಲೋಹಿಯಾ ಅಮೆರಿಕ ಪ್ರವಾಸ ಮಾಡಿದರು. ಐನ್‌ಸ್ಟೈನ್ ಅವರನ್ನು ಕಂಡರು. ದಕ್ಷಿಣದ ರಾಜ್ಯಗಳಿಗೆ ಹೋಗಿ ಕಪ್ಪು ಜನರ ನಡುವೆ ಅಹಿಂಸಾತ್ಮಕ ಕಾನೂನುಭಂಗದ ಬಗ್ಗೆ ಮಾತಾಡಿದರು. ಮಾಂಟ್‌ಗೊಮರಿಯ ಬಸ್ ಬಹಿಷ್ಕಾರಕ್ಕೆ ಇನ್ನೂ ನಾಲ್ಕು ವರ್ಷ ಇತ್ತು. ಆ ಪ್ರವಾಸದ ಮಾತುಕತೆಗಳನ್ನು ಹ್ಯಾರಿಸ್ ವಾಫರ್ಡ್ ಎಂಬ ಅಮೆರಿಕದ ತರುಣ ಪುಸ್ತಕ ಮಾಡಿದರು. ಅವರೇ ಮುಂದೆ ಅಧ್ಯಕ್ಷ ಕೆನಡಿಯವರಿಗೆ ನಾಗರಿಕ ಹಕ್ಕುಗಳ ವಿಷಯದಲ್ಲಿ ಸಲಹೆಗಾರರಾದರು.

1964ರ ಹೊತ್ತಿಗೆ ಜಾಕ್ಸನ್ನಿನ ಗಾಳಿಯಲ್ಲಿ ರಕ್ತದ ವಾಸನೆಯಿತ್ತು. ಹಿಂದಿನ ವರ್ಷದ ಮೇ 28ರಂದು ಟೂಗಲೂ ಕಾಲೇಜಿನ ವಿದ್ಯಾರ್ಥಿಗಳು ಅಂಗಡಿಯೊಂದರ ಬಿಳಿಯರ ಊಟದ ಕಟ್ಟೆಯಲ್ಲಿ ಕೂತಾಗ ಗುಂಪು ಅವರ ತಲೆಯ ಮೇಲೆ ಸಕ್ಕರೆ, ಸಾಸಿವೆ ಗೊಜ್ಜು ಸುರಿದು ಹೊಡೆದಿತ್ತು. ಎರಡು ವಾರದಲ್ಲಿ ಅದೇ ಊರಿನ ನಾಗರಿಕ ಹಕ್ಕುಗಳ ಹೋರಾಟಗಾರ ಮೆಡ್ಗರ್ ಎವರ್ಸ್ ಅವರನ್ನು ಮನೆಯೆದುರೇ ಗುಂಡಿಟ್ಟು ಕೊಂದರು. ಎವರ್ಸ್ ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಅಮೆರಿಕಕ್ಕಾಗಿ ಕಾದಿದವರು. ಊರಿಗೆ ಬಂದು ಮತ ಹಾಕುವ ಹಕ್ಕು ಕೇಳಿದರು. ಸೇನಾ ಗೌರವದೊಡನೆ ಅವರನ್ನು ಆರ್ಲಿಂಗ್ಟನ್ನಿನ ರಾಷ್ಟ್ರೀಯ ಸಮಾಧಿಭೂಮಿಯಲ್ಲಿ ಮಣ್ಣು ಮಾಡಲಾಯಿತು. ಶವಪೆಟ್ಟಿಗೆಗೆ ಬಾವುಟ ಹೊದಿಸಬಲ್ಲ ದೇಶ, ಬದುಕಿದ್ದಾಗ ಅದೇ ಮನುಷ್ಯನಿಗೆ ಊಟದ ಮೇಜಿನಲ್ಲಿ ಜಾಗ ಕೊಡಲಿಲ್ಲ. ಅಮೆರಿಕದ ದೇಶಭಕ್ತಿಯ ಕುರಿತು ಮಾತಾಡುವವರು ಎದುರಿಸಲೇಬೇಕಾದ ಸತ್ಯ ಇದು.

ಟೂಗಲೂ ಕಾಲೇಜಿಗೆ ಬಂದಿದ್ದ ಲೋಹಿಯಾ ಆಗ ಲೋಕಸಭಾ ಸದಸ್ಯರು. ಮೊದಲ ದಿನ ಕೆಫೆಟೀರಿಯಾದವರು ಒಳಗೆ ಬಿಡಲಿಲ್ಲ. ಮರುದಿನ ಮುಂಚೆಯೇ ತಿಳಿಸಿ, ಭಾರತೀಯ ಉಡುಪಿನಲ್ಲೇ ಮತ್ತೆ ಹೋದರು. ಪೊಲೀಸರು ವ್ಯಾನಿಗೆ ಹತ್ತಿಸಿ ಸ್ವಲ್ಪ ದೂರ ಒಯ್ದು ಬಿಟ್ಟರು. ಅಮೆರಿಕದ ವಿದೇಶಾಂಗ ಇಲಾಖೆ ಕ್ಷಮೆ ಕೇಳಿತು. ತನ್ನಲ್ಲಿ ಕೇಳುವುದಲ್ಲ, ಸ್ವಾತಂತ್ರ್ಯ ದೇವಿಯ ಪ್ರತಿಮೆಯಲ್ಲಿ ಕೇಳಲಿ ಎಂಬರ್ಥದ ಮಾತನ್ನು ಲೋಹಿಯಾ ಆಡಿದರು. ಆ ದೇಶ ತಾನೇ ಪೂಜಿಸುವ ಆದರ್ಶದ ಮುಂದೆ ಆ ದೇಶವನ್ನು ನಿಲ್ಲಿಸಿದ ಮಾತು ಅದು. ಹೊರಗಿನ ಅಳತೆಗೋಲು ತಂದು ಅಳೆಯಲಿಲ್ಲ. ಅಮೆರಿಕವನ್ನು ದ್ವೇಷಿಸುವವರಿಗೆ ಇದು ಸಾಧ್ಯವಿಲ್ಲ, ಬರೀ ಮೆಚ್ಚುವವರಿಗೂ ಸಾಧ್ಯವಿಲ್ಲ. 1964ರ ಜುಲೈ 2ರಂದು ನಾಗರಿಕ ಹಕ್ಕುಗಳ ಕಾಯಿದೆಗೆ ಸಹಿ ಬಿತ್ತು. ಅದು ಲೋಹಿಯಾ ಅವರಿಂದ ಆದದ್ದಲ್ಲ. ವರ್ಷಗಟ್ಟಲೆ ಹೊಡೆತ ತಿಂದ ಅಲ್ಲಿನ ಮಕ್ಕಳಿಂದ, ತಾಯಂದಿರಿಂದ ಆದದ್ದು.

ಈ ಕೃತಿಯ ಕೊರತೆಯನ್ನೂ ಹೇಳಬೇಕು. ಲೋಹಿಯಾ ವಿದೇಶದ ಸಂಸದ. ಅವರ ಬಂಧನ ಕೆಲವು ನಿಮಿಷದ್ದು, ಕ್ಷಮೆ ತಕ್ಷಣದ್ದು. ಅದೇ ಮೆಟ್ಟಿಲಲ್ಲಿ ನಿಂತ ಟೂಗಲೂ ವಿದ್ಯಾರ್ಥಿಗೆ ಯಾವ ಇಲಾಖೆಯೂ ಕ್ಷಮೆ ಕೇಳಲಿಲ್ಲ. ಹೊರಗಿನವನ ಪ್ರತಿಭಟನೆಗೆ ತೆರಬೇಕಾದ ಬೆಲೆ ಯಾವಾಗಲೂ ಕಡಿಮೆ. ಲೋಹಿಯಾ ಅವರ ನಡೆಗೆ ತೂಕ ಬಂದದ್ದು, ಅದಕ್ಕೆ ಹದಿಮೂರು ವರ್ಷ ಮುಂಚೆ ಸ್ವಂತ ದೇಶದಲ್ಲಿ, ಸ್ವಂತ ಸರ್ಕಾರದ ಎದುರು ಅವರು ಅದನ್ನೇ ಮಾಡಿದ್ದರು ಎಂಬುದರಿಂದ. ಸಾಗರದ ಬಂಧನ ಇಲ್ಲದಿದ್ದರೆ ಜಾಕ್ಸನ್ನಿನ ಬಂಧನಕ್ಕೆ ಅರ್ಧ ಬೆಲೆ. ಕಾಗೋಡಿನ ರೈತರು ಕೇಳಿದ್ದು ಕೊಡುವಾಗಲೂ ಕೊಳ್ಳುವಾಗಲೂ ಒಂದೇ ಕೊಳಗ ಇರಲಿ ಎಂದು. ಲೋಹಿಯಾ ಎರಡು ದೇಶಗಳಿಗೂ ಅದೇ ಒಂದು ಕೊಳಗ ಇಟ್ಟರು.

ನಾವು ಇಡುತ್ತಿದ್ದೇವೆಯೇ? 2016ರಲ್ಲಿ ಅಮೆರಿಕದ ಫುಟ್‌ಬಾಲ್ ಆಟಗಾರ ಕಾಲಿನ್ ಕೇಪರ್ನಿಕ್ ಪೊಲೀಸ್ ದೌರ್ಜನ್ಯದ ವಿರುದ್ಧ ರಾಷ್ಟ್ರಗೀತೆಯ ಹೊತ್ತಿಗೆ ಮಂಡಿಯೂರಿದಾಗ ನಮ್ಮಲ್ಲಿ ಎಷ್ಟೋ ಜನ ಭೇಷ್ ಎಂದರು. ಆ ಋತುವಿನ ನಂತರ ಯಾವ ತಂಡವೂ ಆತನನ್ನು ಸೇರಿಸಿಕೊಳ್ಳಲಿಲ್ಲ ಎಂದು ಮರುಗಿದರು. ಅದಕ್ಕೆ ಮೂರು ವರ್ಷ ಹಿಂದೆ, ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಯು.ಆರ್. ಅನಂತಮೂರ್ತಿ, ನರೇಂದ್ರ ಮೋದಿ ಪ್ರಧಾನಿಯಾದರೆ ಈ ದೇಶದಲ್ಲಿ ಇರಲಾರೆ ಎಂದಿದ್ದರು. ಅದು ಆವೇಶದ ಮಾತೆಂದು ಆಮೇಲೆ ಅವರೇ ಹೇಳಿದರು. ಆ ಮಾತನ್ನು ಒಪ್ಪದಿರಲು, ಕಟುವಾಗಿ ಟೀಕಿಸಲು ಯಾರಿಗೂ ಹಕ್ಕಿತ್ತು. ಆದರೆ ದೇಶ ಬಿಡಿ, ಪಾಕಿಸ್ತಾನಕ್ಕೆ ಹೋಗಿ ಎಂಬ ಕೂಗೆದ್ದು, ಎಂಬತ್ತು ದಾಟಿದ ಕಾಯಿಲೆಯ ಲೇಖಕನಿಗೆ ಪೊಲೀಸ್ ಕಾವಲು ಹಾಕಬೇಕಾಯಿತು. ಶಾಂತವೇರಿಯವರ ಬದುಕಿನ ಎಳೆ ಹಿಡಿದು 'ಅವಸ್ಥೆ' ಬರೆದವರು ಅವರು. ದೇಶದ ಜೊತೆ ಜಗಳವಾಡುವವನು ದೇಶದವನೇ ಎಂಬ ಸರಳ ನಂಬಿಕೆಯನ್ನು ಆ ಹೊತ್ತಿಗೆ ನಾವು ಕೈಬಿಟ್ಟಿದ್ದೆವು.

ಅಳತೆ ಇನ್ನೂ ಹತ್ತಿರದ್ದಾಗಬೇಕು. ಜಾಕ್ಸನ್ ಪ್ರಸಂಗ ನಡೆದ 1964ರಲ್ಲೇ ಲಿಂಗನಮಕ್ಕಿ ಅಣೆಕಟ್ಟೆ ಮುಗಿಯಿತು. ಸಾಗರ, ಹೊಸನಗರ ತಾಲ್ಲೂಕುಗಳ ಗದ್ದೆ, ತೋಟ, ಊರುಗಳು ಶರಾವತಿಯ ಹಿನ್ನೀರಿಗೆ ಹೋದವು. ಲಾರಿಗಳಲ್ಲಿ ಸಾಮಾನು ತುಂಬಿಕೊಂಡು ಕಾಡಿನಂಚಿಗೆ ಹೋದವರಿಗೆ, ನೀವು ನಾಡಿಗೆ ಬೆಳಕು ಕೊಟ್ಟವರು ಎಂಬ ಮಾತು ಸಿಕ್ಕಿತು. ಅವರ ಮಕ್ಕಳು, ಮೊಮ್ಮಕ್ಕಳು ಉಳುತ್ತಿರುವ ಭೂಮಿಯ ಹಕ್ಕುಪತ್ರಕ್ಕಾಗಿ ಇವತ್ತೂ ಪಾದಯಾತ್ರೆ ಮಾಡುತ್ತಾರೆ, ಕಚೇರಿ ಅಲೆಯುತ್ತಾರೆ. ದೇಶಕ್ಕಾಗಿ ಕಳೆದುಕೊಂಡವರನ್ನು ದೇಶ ಹೇಗೆ ನಡೆಸಿಕೊಂಡಿತು ಎಂದು ಎವರ್ಸ್ ವಿಷಯದಲ್ಲಿ ಕೇಳಿದ ಪ್ರಶ್ನೆಯನ್ನು ಇಲ್ಲೂ ಕೇಳಬೇಕು. ಪ್ರತಿ ಆಗಸ್ಟ್ 15ರಂದು ಈ ತಾಲ್ಲೂಕುಗಳ ಶಾಲೆಗಳಲ್ಲಿ ಬಾವುಟ ಹಾರುತ್ತದೆ, ಅದು ಹಾರಬೇಕಾದದ್ದೇ. ಕೆಳಗೆ ನಿಂತ ಮಗುವಿನ ಮನೆಗೆ ಹಕ್ಕುಪತ್ರ ಬಂದಿದೆಯೇ ಎಂದು ಕೇಳುವುದೂ ಆ ವಂದನೆಯ ಭಾಗವಾಗಬೇಕು.

ಹೀಗೆ ಕೇಳಿದರೆ ಏನೂ ಸಿಗುವುದಿಲ್ಲ ಎನ್ನುವವರಿಗೆ ಕಾಗೋಡೇ ಉತ್ತರ. ಅಂದು ಜೈಲಿಗೆ ಹೋದವರನ್ನು ಶಾಂತಿಭಂಗ ಮಾಡುವವರೆಂದು ಕರೆದರು. 1974ರಲ್ಲಿ ದೇವರಾಜ ಅರಸರ ಸರ್ಕಾರ ತಂದ ಭೂಸುಧಾರಣೆ ಉಳುವವನನ್ನು ಹೊಲದೊಡೆಯನನ್ನಾಗಿ ಮಾಡಿತು. ಗೋಪಾಲಗೌಡರು ಅದನ್ನು ಕಾಣದೆ 1972ರಲ್ಲಿ ತೀರಿಕೊಂಡಿದ್ದರು. ಇಂದು ಅದೇ ರೈತರ ಮೊಮ್ಮಕ್ಕಳಲ್ಲಿ ಓದಿ ಹೊರದೇಶಕ್ಕೆ ಹೋದವರೂ ಇದ್ದಾರೆ. ಅವರನ್ನು ಅಲ್ಲಿಗೆ ತಲುಪಿಸಿದ ದಾರಿಯನ್ನು ಕಡಿದವರು ಸರ್ಕಾರದ ಮಾತು ಮೀರಿ ಗದ್ದೆಗಿಳಿದವರು.

ಆದ್ದರಿಂದ ಅಮೆರಿಕಕ್ಕೆ ಹೋಗುವ ನಮ್ಮ ಹಿರಿಯರು ಬಾವುಟ ನೋಡಲಿ, ಮೆಚ್ಚಲಿ. ಅದರ ಜೊತೆ ಮೊಮ್ಮಗನಲ್ಲಿ ಇನ್ನೊಂದು ಮಾತು ಕೇಳಲಿ: ನಿನ್ನ ತರಗತಿಯಲ್ಲಿ ಪ್ರತಿಜ್ಞೆ ಹೇಳದ ಮಗು ಇದೆಯೇ, ಅದನ್ನು ನೀವು ಹೇಗೆ ನಡೆಸಿಕೊಳ್ಳುತ್ತೀರಿ? ಆ ಉತ್ತರದಲ್ಲಿ ಅಮೆರಿಕ ಎಷ್ಟು ದೊಡ್ಡ ದೇಶ ಎಂಬುದು ಗೊತ್ತಾಗುತ್ತದೆ. ಊರಿಗೆ ಮರಳಿದ ಮೇಲೆ ಅದೇ ಪ್ರಶ್ನೆಯನ್ನು ಇಲ್ಲಿಯೂ ಕೇಳಿದರೆ, ನಾವು ಎಷ್ಟು ದೊಡ್ಡವರು ಎಂಬುದೂ ಗೊತ್ತಾಗುತ್ತದೆ.