ಪಾಕವಿಧಿಯ ಐತಿಹಾಸಿಕತೆ: ‘ಮ್ಯಾಡ್ ಮೆನ್’ ನಾಟಕದ ಒಂದು ಪಾನೀಯವನ್ನು ಕುರಿತು

ಅಮೆರಿಕದಲ್ಲಿ 2007ರ ಜುಲೈಯಿಂದ 2015ರ ಮೇ ತಿಂಗಳವರೆಗೆ ಪ್ರಸಾರವಾದ ‘ಮ್ಯಾಡ್ ಮೆನ್’ ಎಂಬ ದೂರದರ್ಶನ ನಾಟಕವು ನ್ಯೂಯಾರ್ಕ್ ನಗರದ ಜಾಹೀರಾತು ಸಂಸ್ಥೆಯೊಂದರ ಕಥೆ. ಅದರ ಕಾಲ 1960ರಿಂದ 1970ರವರೆಗಿನದು. ಅದನ್ನು ನೋಡಿದವರು ಆ ಕಾಲದ ಉಡುಪನ್ನೂ ಪೀಠೋಪಕರಣಗಳನ್ನೂ ಮೆಚ್ಚಿಕೊಂಡುದಲ್ಲದೆ, ಪಾತ್ರಗಳು ಕುಡಿಯುವ ಕಾಕ್‌ಟೇಲ್ ಪಾನೀಯಗಳನ್ನು ತಮ್ಮ ಮನೆಗಳಲ್ಲಿ ತಾವೇ ಬೆರಸಿ ನೋಡತೊಡಗಿದರು. ಇದಕ್ಕೆಂದೇ ಪಾಕಪುಸ್ತಕಗಳು ಹೊರಟವು. ಜೂಡಿ ಗೆಲ್ಮನ್ ಮತ್ತು ಪೀಟರ್ ಜ್ಯೂಟ್ಲಿನ್ ಅವರು 2011ರಲ್ಲಿ ಪ್ರಕಟಿಸಿದ ಪುಸ್ತಕ ಇವುಗಳಲ್ಲಿ ಒಂದು.

ಇಂಥ ವಿಷಯ ಇತಿಹಾಸ ವಿಭಾಗದ ಸಂಚಿಕೆಗೆ ತಕ್ಕುದೆ ಎಂದು ವಾಚಕರಲ್ಲಿ ಕೆಲವರು ಆಕ್ಷೇಪಿಸಬಹುದು. ಪಾನದ ಗುಣದೋಷಗಳು ನಮ್ಮ ವಿಚಾರವಲ್ಲ. ಗತಕಾಲವನ್ನು ಲೋಟದಲ್ಲಿ ಮರಳಿ ತುಂಬಿದೆವೆಂದು ಹೇಳುವವರು ಒಂದು ಐತಿಹಾಸಿಕ ಪ್ರತಿಪಾದನೆಯನ್ನೇ ಮಾಡುತ್ತಿದ್ದಾರೆ. ಶಾಸನವನ್ನು ಪರೀಕ್ಷಿಸುವಷ್ಟೇ ಕಟ್ಟುನಿಟ್ಟಾಗಿ ಆ ಪ್ರತಿಪಾದನೆಯನ್ನೂ ಪರೀಕ್ಷಿಸಬೇಕಲ್ಲವೆ? ನಾಟಕದ ನಾಯಕ ಡಾನ್ ಡ್ರೇಪರನಿಗೆ ಪ್ರಿಯವಾದ ‘ಓಲ್ಡ್ ಫ್ಯಾಷನ್ಡ್’ ಎಂಬ ಪಾನೀಯವೊಂದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಮೊದಲು ಹೆಸರನ್ನೇ ನೋಡಬಹುದು. ‘ಹಳೆಯ ರೀತಿಯದು’ ಎಂಬುದು ಅದರ ಅರ್ಥ. ನ್ಯೂಯಾರ್ಕ್ ಸಂಸ್ಥಾನದ ಹಡ್ಸನ್ ಊರಿನ ಪತ್ರಿಕೆಯೊಂದು 1806ರಲ್ಲಿ, ಕಾಕ್‌ಟೇಲ್ ಎಂದರೇನೆಂದು ಕೇಳಿದ ವಾಚಕನಿಗೆ ಉತ್ತರ ಕೊಟ್ಟಿತು. ಯಾವುದಾದರೊಂದು ಮದ್ಯ, ಸಕ್ಕರೆ, ನೀರು, ಕಹಿಸಾರ, ಇವು ನಾಲ್ಕು ಸೇರಿದರೆ ಕಾಕ್‌ಟೇಲ್ ಎಂಬುದು ಅದರ ಸಾರಾಂಶ. ಶತಮಾನ ಮುಂದುವರಿದಂತೆ ಪಾನಗೃಹಗಳಲ್ಲಿ ಈ ನಾಲ್ಕಕ್ಕೆ ಬಗೆಬಗೆಯ ದ್ರವ್ಯಗಳು ಬಂದು ಸೇರಿದವು. ಅವನ್ನು ಒಲ್ಲದ ಹಿರಿಯ ಗಿರಾಕಿಗಳು ‘ಹಳೆಯ ರೀತಿಯದನ್ನೇ ಕೊಡಿ’ ಎಂದು ಕೇಳಿದುದರಿಂದ ಈ ಹೆಸರು ನಿಂತಿತು. ಎಂದ ಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದು ಗತಕಾಲದ ಹಂಬಲದಿಂದ ಹುಟ್ಟಿದ ಪಾನೀಯ. ಕೆಂಟಕಿಯ ಲೂಯಿವಿಲ್ ನಗರದಲ್ಲಿರುವ ಪೆಂಡೆನಿಸ್ ಕ್ಲಬ್ಬಿನಲ್ಲಿ ಇದು ಮೊದಲು ತಯಾರಾಯಿತೆಂಬ ಐತಿಹ್ಯವೊಂದು ಇಂದಿಗೂ ಬಾಯಿಂದ ಬಾಯಿಗೆ ಸಾಗುತ್ತಿದೆ. ಆ ಕ್ಲಬ್ ಸ್ಥಾಪಿತವಾದುದು 1881ರಲ್ಲಿ. ಪಾನೀಯದ ಹೆಸರಾದರೋ 1880ರಲ್ಲಿಯೇ ಶಿಕಾಗೋ ಪತ್ರಿಕೆಯಲ್ಲಿ ಅಚ್ಚಾಗಿದೆ. ಮಗುವಿಗಿಂತ ತೊಟ್ಟಿಲು ಕಿರಿದಾದಂತೆ ಆಯಿತು. ಆದರೂ ಆ ಕ್ಲಬ್ಬನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಪ್ರಸಂಗ ಬರುತ್ತದೆ.

ಇನ್ನು ವಿಧಿಯ ವಿಚಾರ. ಜಾರ್ಜ್ ಕ್ಯಾಪ್ಲರ್ 1895ರಲ್ಲಿ ಅಚ್ಚು ಹಾಕಿಸಿದ ಕೈಪಿಡಿಯಲ್ಲಿ ಕ್ರಮ ಸ್ಪಷ್ಟವಾಗಿದೆ. ಲೋಟದಲ್ಲಿ ಸಕ್ಕರೆಯ ಸಣ್ಣ ಗಟ್ಟಿಯನ್ನು ತುಸು ನೀರಿನಲ್ಲಿ ಕರಗಿಸಿ, ಅಂಗೊಸ್ಟುರಾ ಕಹಿಸಾರವನ್ನು ಎರಡು ಸಲ ಚಿಮುಕಿಸಿ, ಮಂಜುಗಡ್ಡೆಯ ಚೂರನ್ನೂ ನಿಂಬೆಯ ಸಿಪ್ಪೆಯನ್ನೂ ಹಾಕಿ, ಒಂದಳತೆ ವಿಸ್ಕಿಯನ್ನು ಸುರಿದು ಕಲಕಬೇಕು. ನೀರು ಮೊದಲು, ಮದ್ಯ ಕೊನೆಗೆ. ಬರಿಯ ಓದಿನಲ್ಲಿ ಈ ಅನುಕ್ರಮಕ್ಕೆ ಅರ್ಥ ಕಾಣದು. ಸಕ್ಕರೆ ಮದ್ಯಸಾರದಲ್ಲಿ ಸುಲಭವಾಗಿ ಕರಗುವುದಿಲ್ಲ, ಲೋಟದ ತಳದಲ್ಲಿ ಮರಳಿನಂತೆ ನಿಲ್ಲುತ್ತದೆ ಎಂಬುದು ಮಾಡಿ ನೋಡಿದವನಿಗೆ ಒಡನೆಯೇ ತಿಳಿಯುತ್ತದೆ. ಹೀಗೆ ಕೈಯಿಂದ ಮಾಡಿ ನೋಡುವುದರಿಂದ ದಾಖಲೆಯ ಒಂದು ಮಾತು ಬೆಳಗುವುದುಂಟು. ಮನೆಯಲ್ಲಿ ಲೋಟ ಹಿಡಿದವರನ್ನು ನಾವು ಪೂರ್ಣವಾಗಿ ತಳ್ಳಿಹಾಕದಿರುವುದಕ್ಕೆ ಇದೇ ಕಾರಣ. ಕಹಿಸಾರವೂ ಮೊದಲು ನಮ್ಮ ಕಷಾಯದಂತೆ ಔಷಧವಾಗಿಯೇ ಇತ್ತು; ಸೀಗರ್ಟ್ ಎಂಬ ಜರ್ಮನ್ ವೈದ್ಯನು ಅದನ್ನು 1824ರಲ್ಲಿ ವೆನೆಜುವೆಲಾದ ಅಂಗೊಸ್ಟುರಾ ಪಟ್ಟಣದಲ್ಲಿ ತಯಾರಿಸಿದನು.

ಆದರೆ ಇಂದು ‘1960ರ ಪಾನೀಯ’ವೆಂದು ಮಾಡಲಾಗುತ್ತಿರುವುದು ನಿಜವಾಗಿ 1960ರದೆ? ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿರೋಧ ಜಾರಿಯಲ್ಲಿದ್ದಿತು. ಅದು ತೊಲಗಿದ ಮೇಲೆ ಈ ಪಾನೀಯದೊಳಕ್ಕೆ ಕಿತ್ತಳೆಯ ಹೋಳೂ ಸಕ್ಕರೆಪಾಕದಲ್ಲಿ ಅದ್ದಿದ ಚೆರ್ರಿ ಹಣ್ಣೂ ಪ್ರವೇಶಿಸಿದವು. ಅವನ್ನು ಸಕ್ಕರೆಯೊಡನೆ ಅರೆದು, ಮೇಲೆ ಸೋಡಾ ಸುರಿಯುವುದು ಶತಮಾನದ ನಡುಗಾಲದ ಸಾಮಾನ್ಯ ಪದ್ಧತಿ. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನ ಕೆಲವು ಪಾನಗೃಹಗಳವರು ಹಣ್ಣನ್ನೂ ಸೋಡಾವನ್ನೂ ತೆಗೆದುಹಾಕಿ ಹತ್ತೊಂಬತ್ತನೆಯ ಶತಮಾನದ ರೂಪಕ್ಕೆ ಹಿಂದಿರುಗಿದರು. ಡ್ರೇಪರನ ಹೆಸರಿನಲ್ಲಿ ಈಗ ತಯಾರಾಗುವ ಲೋಟಗಳಲ್ಲಿ ಅನೇಕವು ಈ ಪರಿಷ್ಕೃತ ಪಾಠವನ್ನು ಅನುಸರಿಸುತ್ತವೆ. ಗ್ರಂಥಸಂಪಾದಕರ ಮಾತಿನಲ್ಲಿ ಹೇಳುವುದಾದರೆ, ಕಾಲ ಒಂದು ಪ್ರತಿಯದು, ಪಾಠ ಇನ್ನೊಂದು ಪ್ರತಿಯದು. ಇದು ದೋಷವೇ ಆದರೂ ಸಣ್ಣ ದೋಷ. ಇದಕ್ಕಿಂತ ದೊಡ್ಡ ಲೋಪವೊಂದಿದೆ.

ನಾಟಕದ ಮೊತ್ತಮೊದಲ ದೃಶ್ಯವನ್ನು ನೆನೆಯಬೇಕು. 1960ರ ನ್ಯೂಯಾರ್ಕಿನ ಪಾನಗೃಹವೊಂದರಲ್ಲಿ ಡ್ರೇಪರ್ ಒಬ್ಬನೇ ಕುಳಿತಿದ್ದಾನೆ. ಕಪ್ಪು ವರ್ಣದ ವೃದ್ಧ ಪರಿಚಾರಕನನ್ನು, ನೀನು ಯಾವ ಸಿಗರೇಟು ಸೇದುತ್ತೀ, ಅದನ್ನೇ ಏಕೆ ಸೇದುತ್ತೀ ಎಂದು ವಿಚಾರಿಸುತ್ತಾನೆ. ಕೂಡಲೆ ಬಿಳಿಯ ಮೇಲಾಳು ಬಂದು, ಇವನು ತಮಗೆ ತೊಂದರೆ ಕೊಡುತ್ತಿರುವನೇ ಎಂದು ಕೇಳುತ್ತಾನೆ. ಮಾತನಾಡಿಸಿದವನು ಗಿರಾಕಿ, ತಪ್ಪಿತಸ್ಥನಾಗಿ ಕಂಡವನು ಪರಿಚಾರಕ. ಡ್ರೇಪರ್ ಇನ್ನೊಂದು ಓಲ್ಡ್ ಫ್ಯಾಷನ್ಡ್ ಬೇಕೆಂದು ಹೇಳುವುದು ಈ ಸನ್ನಿವೇಶದಲ್ಲಿಯೇ. ಪಾನೀಯದ ಹೆಸರೂ ವರ್ಣಭೇದದ ಗೆರೆಯೂ ಒಂದೇ ಮೇಜಿನ ಬಳಿ ಪರಿಚಯವಾಗುತ್ತವೆ. ಇದನ್ನು ಕಾಕತಾಳೀಯವೆನ್ನಲು ನಾವು ಸಿದ್ಧರಿಲ್ಲ.

ಪಾಕಪ್ರಿಯರು ಹೆಚ್ಚಾಗಿ ಸ್ಮರಿಸುವುದು 2009ರಲ್ಲಿ ಪ್ರಸಾರವಾದ ‘ಮೈ ಓಲ್ಡ್ ಕೆಂಟಕಿ ಹೋಮ್’ ಎಂಬ ಕಂತನ್ನು. ಕಥೆಯಲ್ಲಿ ಅದು 1963ರ ವಸಂತ. ಸಿರಿವಂತರ ಕ್ಲಬ್ಬಿನಲ್ಲಿ ಔತಣ ನಡೆಯುತ್ತಿದೆ. ಅದರಿಂದ ತಪ್ಪಿಸಿಕೊಂಡು ಡ್ರೇಪರ್ ಒಳಗಣ ಪಾನಗೃಹಕ್ಕೆ ಬಂದರೆ ಅಲ್ಲಿ ಪಾನೀಯ ಕೊಡುವವನೇ ಇಲ್ಲ. ಅವನು ಕಟ್ಟೆಯನ್ನು ಹಾರಿ ಆಚೆಗೆ ಹೋಗಿ, ಬರ್ಬನ್ ಸಿಗದೆ ರೈ ವಿಸ್ಕಿಯಿಂದಲೇ ಎರಡು ಲೋಟ ಸಿದ್ಧಪಡಿಸುತ್ತಾನೆ. ಒಂದು ತನಗೆ, ಇನ್ನೊಂದು ಅಲ್ಲಿದ್ದ ಅಪರಿಚಿತ ವೃದ್ಧನಿಗೆ. ಆ ವೃದ್ಧ ಹೋಟೆಲುಗಳ ಒಡೆಯ ಕಾನ್ರಾಡ್ ಹಿಲ್ಟನ್ ಎಂಬುದು ಆಮೇಲೆ ಗೊತ್ತಾಗುತ್ತದೆ. ಇಬ್ಬರೂ ತಮ್ಮ ಎಳವೆಯನ್ನು ನೆನೆಯುತ್ತಾರೆ. ಒಬ್ಬನು ಸಿರಿವಂತರ ಮೋಟಾರುಗಳನ್ನು ಸಾಲಾಗಿ ನಿಲ್ಲಿಸುವ ಕೆಲಸ ಮಾಡಿದವನು, ಇನ್ನೊಬ್ಬನು ನೀರಿನ ಮೇಲಿನಿಂದ ಅವರ ಮಹಲಿನ ದೀಪಗಳನ್ನು ನೋಡಿದವನು. ಡ್ರೇಪರನ ಕೈಗೆ ಆ ಚುರುಕು ಎಲ್ಲಿಂದ ಬಂದಿತೆಂಬುದಕ್ಕೆ ಇದೇ ಉತ್ತರ. ಅದು ಸೇವೆ ಮಾಡಿದವನ ಕೈ. ಅದೇ ಹೊತ್ತಿನಲ್ಲಿ, ಅದೇ ಕ್ಲಬ್ಬಿನ ಹುಲ್ಲುಹಾಸಿನ ಮೇಲೆ, ಅವನ ಪಾಲುಗಾರ ರಾಜರ್ ಸ್ಟರ್ಲಿಂಗ್ ಮುಖಕ್ಕೆ ಕಪ್ಪು ಬಳಿದುಕೊಂಡು ಹಾಡಿ ಅತಿಥಿಗಳನ್ನು ನಗಿಸುತ್ತಾನೆ. ಪಾಕಪುಸ್ತಕದ ಕತ್ತರಿಗೆ ಸಿಕ್ಕಿ ಲೋಟ ಒಂದು ಕಡೆಗೂ ಆ ಮುಖ ಇನ್ನೊಂದು ಕಡೆಗೂ ಹೋದುವು. ನಾಟಕಕಾರರು ಅವೆರಡನ್ನೂ ಬೇಕೆಂದೇ ಒಂದು ಸಂಜೆಯೊಳಗೆ ಇಟ್ಟಿದ್ದರು.

ಬಿಟ್ಟುಹೋದ ಆ ಕೈಗೆ ಇತಿಹಾಸದಲ್ಲಿ ಹೆಸರಿಲ್ಲವೆ? ಇದೆ. ಲೂಯಿವಿಲ್ಲಿನಲ್ಲಿ ಹುಟ್ಟಿದ ಟಾಮ್ ಬುಲಕ್ ಎಂಬ ಕಪ್ಪು ವರ್ಣೀಯನು ಮೇಲೆ ಹೇಳಿದ ಪೆಂಡೆನಿಸ್ ಕ್ಲಬ್ಬಿನಲ್ಲಿ ಕೆಲಸ ಮಾಡಿ, ಅನಂತರ ಸೇಂಟ್ ಲೂಯಿಸ್ ನಗರದ ಕ್ಲಬ್ಬಿನಲ್ಲಿ ಪಾನೀಯಗಳ ಹೊಣೆ ಹೊತ್ತಿದ್ದನು. ಮಾಜಿ ರಾಷ್ಟ್ರಾಧ್ಯಕ್ಷ ಥಿಯೊಡರ್ ರೂಸ್‌ವೆಲ್ಟರು, ತಮ್ಮನ್ನು ಕುಡುಕನೆಂದು ಬರೆದ ಸಂಪಾದಕನ ಮೇಲೆ 1912ರಲ್ಲಿ ಮಾನನಷ್ಟದ ದಾವೆ ಹೂಡಿದ್ದರು. ಸೇಂಟ್ ಲೂಯಿಸ್‌ನಲ್ಲಿ ತಾವು ಜುಲೆಪ್ ಎಂಬ ಪಾನೀಯದ ಎರಡು ಗುಟುಕನ್ನು ಮಾತ್ರ ಕುಡಿದುದಾಗಿ ಅವರು ಸಾಕ್ಷ್ಯ ನುಡಿದರು. ಟಾಮ್ ಬೆರಸಿದ ಜುಲೆಪನ್ನು ಅರ್ಧಕ್ಕೆ ಬಿಟ್ಟವನನ್ನು ಕಂಡವರುಂಟೆ ಎಂಬರ್ಥದಲ್ಲಿ ಆ ಊರಿನ ಪತ್ರಿಕೆ ಸಂಪಾದಕೀಯ ಬರೆಯಿತು! ದಾವೆ ಗೆದ್ದ ರೂಸ್‌ವೆಲ್ಟರಿಗೆ ದೊರೆತ ಪರಿಹಾರ 6 ಸೆಂಟು.

ಬುಲಕ್ 1917ರಲ್ಲಿ ‘ದಿ ಐಡಿಯಲ್ ಬಾರ್‌ಟೆಂಡರ್’ ಎಂಬ ಕೈಪಿಡಿಯನ್ನು ಹೊರತಂದನು. ಕಪ್ಪು ವರ್ಣೀಯನೊಬ್ಬನು ಪ್ರಕಟಿಸಿದ ಮೊದಲ ಕಾಕ್‌ಟೇಲ್ ಗ್ರಂಥವೆಂದು ಅದು ಪ್ರಸಿದ್ಧವಾಗಿದೆ. ಮುಂದೆ ಇಬ್ಬರು ರಾಷ್ಟ್ರಾಧ್ಯಕ್ಷರನ್ನು ಕೊಟ್ಟ ಬುಷ್ ಮನೆತನದ ಮಾತೃಪಕ್ಷದ ಹಿರಿಯ ಜಾರ್ಜ್ ಹರ್ಬರ್ಟ್ ವಾಕರ್ ಅದಕ್ಕೆ ಮುನ್ನುಡಿ ಬರೆದನು. ಓಲ್ಡ್ ಫ್ಯಾಷನ್ಡ್ ಪಾನೀಯದ ವಿಧಿಯೂ ಅದರಲ್ಲಿದೆ. ಕಿತ್ತಳೆಯಿಲ್ಲ, ಚೆರ್ರಿಯಿಲ್ಲ, ನಿಂಬೆಯ ಸಿಪ್ಪೆ ಮಾತ್ರ. ಮೂರು ವರ್ಷಗಳಲ್ಲಿ ಪಾನನಿರೋಧ ಬಂದು ಗ್ರಂಥಕರ್ತನ ವೃತ್ತಿಯೇ ಕಾನೂನಿಗೆ ವಿರುದ್ಧವಾಯಿತು.

ನಾಟಕವು ಪಾನದ ಪರಿಣಾಮವನ್ನು ಮರೆಮಾಡಿಲ್ಲವೆಂಬುದನ್ನೂ ಹೇಳಬೇಕು. 2007ರ ಕಂತೊಂದರಲ್ಲಿ ಸ್ಟರ್ಲಿಂಗ್ ಮಧ್ಯಾಹ್ನದ ಮಾರ್ಟಿನಿಗಳ ಮೇಲೆ 23 ಅಂತಸ್ತುಗಳ ಮೆಟ್ಟಿಲೇರಿ ಬಂದು ಗಿರಾಕಿಗಳೆದುರಿಗೇ ವಾಂತಿ ಮಾಡಿಕೊಳ್ಳುತ್ತಾನೆ. 2008ರ ಕಂತಿನಲ್ಲಿ ಫ್ರೆಡ್ಡಿ ರಮ್ಸನ್ ಕುಡಿತದಿಂದ ಕೆಲಸಕ್ಕೇ ಎರವಾಗುತ್ತಾನೆ. ಅಂದಹಾಗೆ, ನಟರು ಹಿಡಿದ ಲೋಟಗಳಲ್ಲಿ ಮದ್ಯವಿರಲಿಲ್ಲ. ಅವರು ಸೇದಿದ ಸಿಗರೇಟುಗಳಲ್ಲಿಯೂ ತಂಬಾಕಿರಲಿಲ್ಲ, ಮೂಲಿಕೆಗಳಿದ್ದುವು.

ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ವಿಷಯವನ್ನು ಮುಂದುವರಿಸುವುದಾದರೆ, ಕ್ಯಾಪ್ಲರನ ಮತ್ತು ಬುಲಕನ ವಿಧಿಗಳನ್ನು ಎದುರೆದುರು ಇಟ್ಟು, 1933ರ ಅನಂತರದ ಕೈಪಿಡಿಗಳಲ್ಲಿ ಹಣ್ಣಿನ ಹೋಳು ಎಲ್ಲೆಲ್ಲಿ ಹೇಗೆ ಒಳಬಂದಿತೆಂದು ಪಟ್ಟಿಮಾಡಬಹುದು. ಬುಲಕನು ಕೆಲಸ ಮಾಡಿದ ಕ್ಲಬ್ಬುಗಳಂಥವುಗಳ ಸಂಬಳದ ಪುಸ್ತಕಗಳು ಎಲ್ಲಿಯಾದರೂ ಉಳಿದಿದ್ದರೆ, ಅವನ್ನೇ ಮೊದಲು ತೆರೆಯಬೇಕೆಂದು ನಮ್ಮ ಅಭಿಪ್ರಾಯ.