ಉಳಿದ ಅನ್ನದ ಮರ್ಯಾದೆ

ಚಿತ್ರಾನ್ನಕ್ಕೆ ಬಿಸಿ ಅನ್ನ ಒಗ್ಗುವುದಿಲ್ಲ. ಆಗಷ್ಟೇ ಕುಕ್ಕರಿನಿಂದ ತೆಗೆದ ಅನ್ನವನ್ನು ಒಗ್ಗರಣೆಗೆ ಹಾಕಿ ಕೈಯಾಡಿಸಿದರೆ ಅಗುಳು ಮುರಿದು ಮುದ್ದೆಯಾಗುತ್ತದೆ. ಒಂದು ತುತ್ತು ಹುಳಿ, ಇನ್ನೊಂದು ಸಪ್ಪೆ. ಅದೇ ಅನ್ನ ತಣಿದರೆ ಒಳಗಿನ ಪಿಷ್ಟ ಮತ್ತೆ ಬಿಗಿಯಾಗಿ ಅಗುಳು ಬಿಡಿಬಿಡಿಯಾಗುತ್ತದೆ. ಸಾಸಿವೆ ಸಿಡಿದು, ಕಡಲೆಬೇಳೆ ಕೆಂಪಾಗಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಸಿನ ಬಿದ್ದ ಮೇಲೆ ಈ ಅನ್ನ ಹಾಕಿ ಬಿಸಿ ಮಾಡಿ, ಒಲೆ ಆರಿಸಿ ನಿಂಬೆಹಣ್ಣು ಹಿಂಡಿದರೆ ಹುಳಿ ಎಲ್ಲ ಅಗುಳಿಗೂ ಹತ್ತುತ್ತದೆ. ಒಲೆ ಉರಿಯುತ್ತಿರುವಾಗಲೇ ಹಿಂಡಿದರೆ ಕಹಿ ಬರುತ್ತದೆ, ಅಷ್ಟು ಎಚ್ಚರ ಸಾಕು. ಏನೂ ತೋಚದಿದ್ದಾಗ ಮಾಡುವ ಅಡುಗೆ ಎಂದು ಚಿತ್ರಾನ್ನವನ್ನು ಹಗುರವಾಗಿ ಕಾಣುವವರಿದ್ದಾರೆ. ವಾರದ ರಾತ್ರಿಯ ಅಡುಗೆಗಳಲ್ಲಿ ನಾನು ಮೊದಲ ಮಣೆ ಹಾಕುವುದು ಅದಕ್ಕೇ.

ಕಾರಣ, ಉಳಿದದ್ದರಿಂದ ಮಾಡಿದಾಗಲೇ ಅದು ಚೆನ್ನಾಗುತ್ತದೆ. ಉಳಿಕೆಯ ಅಡುಗೆಯನ್ನು ನಾನು ಅಳೆಯುವುದು ಹೀಗೆಯೇ. ಉಂಡೆದ್ದ ಮೇಲೆ 'ಬೆಳಗಿನದನ್ನು ಹೇಗೋ ಖಾಲಿ ಮಾಡಿದೆವು' ಅನ್ನಿಸಬಾರದು. 'ಇನ್ನೆರಡು ಹಿಡಿ ಅಕ್ಕಿ ಹೆಚ್ಚಿಗೆ ಹಾಕಬೇಕಿತ್ತು' ಅನ್ನಿಸಬೇಕು.

ಈ ದೃಷ್ಟಿಯಿಂದ ನೋಡಿದರೆ ಹಳೇ ಮೈಸೂರು ಸೀಮೆಯ ಬಸ್ಸಾರಿನಷ್ಟು ಚೆನ್ನಾಗಿ ಯೋಚಿಸಿದ ಅಡುಗೆ ಇನ್ನೊಂದಿಲ್ಲ. ಅಲಸಂದೆಯನ್ನೋ ಹೆಸರುಕಾಳನ್ನೋ ದಂಟಿನ ಸೊಪ್ಪಿನ ಜೊತೆ ಬೇಯಿಸಿ ಬಸಿಯುತ್ತಾರೆ. ಬಸಿದ ಕಟ್ಟು ಒಂದು ಪಾತ್ರೆಯಲ್ಲಿ, ಕಾಳು ಸೊಪ್ಪು ಇನ್ನೊಂದರಲ್ಲಿ. ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು, ತೆಂಗಿನಕಾಯಿಯ ಜೊತೆ ಬೆಂದ ಕಾಳನ್ನೇ ಒಂದು ಹಿಡಿ ಸೇರಿಸಿ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಕಾಳು ಬೇಯಿಸಿದ ನೀರನ್ನು ಚೆಲ್ಲುವ ಪ್ರಶ್ನೆಯೇ ಇಲ್ಲ. ಒಂದೇ ಬೇಯಿಸುವಿಕೆಯಲ್ಲಿ ಮುದ್ದೆಗೂ ಆಯಿತು, ಅನ್ನಕ್ಕೂ ಆಯಿತು. ಮಾರನೆಯ ದಿನ ಮತ್ತೆ ಕುದಿಸಿದಾಗ ಸಾರು ಇನ್ನಷ್ಟು ಗಟ್ಟಿಯಾಗಿ, ಬೆಳ್ಳುಳ್ಳಿಯ ಹಸಿ ವಾಸನೆ ಪೂರ್ತಿ ಹೋಗಿ, ಹುಳಿ ಖಾರ ಒಂದಕ್ಕೊಂದು ಹೊಂದಿಕೊಂಡಿರುತ್ತದೆ. ಮೊದಲ ದಿನದ ಬಸ್ಸಾರಿಗಿಂತ ಎರಡನೆಯ ದಿನದ್ದೇ ನನಗೆ ಹೆಚ್ಚು. ಹಬ್ಬದ ಮಾರನೆಯ ದಿನದ ಒಬ್ಬಟ್ಟಿನ ಸಾರಿಗೂ, ಕರಾವಳಿಯವರು ಹೇಳುವ ನಿನ್ನೆಯ ಮೀನು ಸಾರಿಗೂ ಈ ಮಾತು ಸಲ್ಲುತ್ತದೆ. ಉತ್ತರ ಕರ್ನಾಟಕದ ದಾರಿ ಬೇರೆ: ಜೋಳದ ರೊಟ್ಟಿಯನ್ನು ಖಡಕ್ ಮಾಡಿ ಪೇರಿಸಿಟ್ಟರೆ, ಎಷ್ಟೋ ರಾತ್ರಿಗಳಲ್ಲಿ ಮೊಸರು, ಶೇಂಗಾ ಚಟ್ನಿಪುಡಿ ಬಿಟ್ಟು ಬೇರೇನೂ ಬೇಕಿಲ್ಲ.

ಇದಕ್ಕೆ ತದ್ವಿರುದ್ಧವಾದ ರೂಢಿಯೊಂದು ಈಚೆಗೆ ಬೆಳೆಯುತ್ತಿದೆ. ಒಂದು ಬಟ್ಟಲು ಅನ್ನ ಉಳಿದರೆ ಅದಕ್ಕೆ ಕಡಲೆಹಿಟ್ಟು, ಚೀಸ್, ಬ್ರೆಡ್ ಪುಡಿ ಸೇರಿಸಿ ಅರ್ಧ ಲೀಟರ್ ಎಣ್ಣೆಯಲ್ಲಿ ಕರಿಯುವುದು. ನಾಲ್ಕು ಚಪಾತಿ ಉಳಿದರೆ ಉದ್ದುದ್ದ ಸೀಳಿ ಮೂರು ಬಗೆಯ ಸಾಸ್ ಸುರಿದು ನೂಡಲ್ಸ್ ಎನ್ನುವುದು. ಹತ್ತು ರೂಪಾಯಿಯ ಅನ್ನ ಉಳಿಸಲು ನೂರು ರೂಪಾಯಿಯ ಸಾಮಾನು ಹಾಕಿ, ಕೊನೆಗೆ ಕರಿದ ಎಣ್ಣೆಯನ್ನೂ ಉಳಿಸಿಕೊಂಡರೆ ಅದು ಉಳಿತಾಯವಲ್ಲ. ಕೆಲಸ ಮುಗಿಸಿ ಬಂದವರಿಗೆ ರಾತ್ರಿ ಎಂಟು ಗಂಟೆಗೆ ಬೇಕಾದ ಅಡುಗೆಯೂ ಅದಲ್ಲ. ಚೂರು ಮಾಡಿದ ಚಪಾತಿಗೆ ಈರುಳ್ಳಿ ಒಗ್ಗರಣೆ ಹಾಕಿ, ನೀರು ಚಿಮುಕಿಸಿ ಮುಚ್ಚಿಟ್ಟರೆ ಹತ್ತು ನಿಮಿಷದಲ್ಲಿ ಮೆತ್ತಗಿನ ಊಟ ಸಿದ್ಧ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಕೊಟ್ಟ ಅಂದಾಜಿನಂತೆ ಭಾರತದ ಮನೆಗಳಲ್ಲಿ ತಲಾ ವರ್ಷಕ್ಕೆ ಸುಮಾರು 55 ಕಿಲೋ ಆಹಾರ ಕಸಕ್ಕೆ ಹೋಗುತ್ತದೆ. ಈ ಲೆಕ್ಕದಲ್ಲಿ ತಿನ್ನದ ಸಿಪ್ಪೆ, ಮೂಳೆಗಳೂ ಸೇರಿವೆ. ಆದರೆ ತಿನ್ನದ ಸಿಪ್ಪೆ ಯಾವುದು ಎಂದು ನಮ್ಮ ಅಡುಗೆಯವರನ್ನು ಕೇಳಬೇಕು. ಹೀರೇಕಾಯಿ ಸಿಪ್ಪೆ ಹುರಿದು ಚಟ್ನಿಯಾಗುತ್ತದೆ, ಕಲ್ಲಂಗಡಿಯ ಬಿಳಿ ಭಾಗ ಅಕ್ಕಿಯ ಜೊತೆ ರುಬ್ಬಿ ದೋಸೆಯಾಗುತ್ತದೆ.

ಹಾಗೆಂದು ಈ ಪದ್ಧತಿಯಲ್ಲಿ ಎಲ್ಲವೂ ಸರಿಯಿಲ್ಲ. ಭಗವದ್ಗೀತೆಯ 17ನೆಯ ಅಧ್ಯಾಯ ಹಳಸಿದ ಊಟವನ್ನು ತಾಮಸ ಎಂದು ಎಣಿಸುತ್ತದೆ. ಆ ಮಾತನ್ನು ನಂಬಿದ ಮನೆಯಿರುವ ಊರಿನಲ್ಲೇ ರೈತರು ತಂಗಳು ಮುದ್ದೆಯನ್ನು ಮಜ್ಜಿಗೆಗೆ ಕಿವುಚಿಕೊಂಡು, ಈರುಳ್ಳಿ ಕಚ್ಚಿಕೊಂಡು ಕುಡಿದು ಹೊಲಕ್ಕೆ ಹೋಗುತ್ತಿದ್ದರು. ನನ್ನ ಒಲವು ಹೊಲದ ಕಡೆಗೇ. ಆದರೂ ಹಳತಿನ ಬಗ್ಗೆ ಇದ್ದ ಭಯ ಪೂರ್ತಿ ಸುಳ್ಳಲ್ಲ. ಬೇಯಿಸಿದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅನ್ನದಲ್ಲಿ ಉಳಿದಿರಬಹುದು. ಅನ್ನವನ್ನು ಹೊರಗೇ ಬಿಟ್ಟರೆ ಅವು ಮೊಳೆತು ವಿಷ ಬಿಡುತ್ತವೆ, ವಾಂತಿ ತರುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೆಳಗಿನ ಅನ್ನ ಕುಕ್ಕರಿನಲ್ಲೇ ಸಂಜೆಯವರೆಗೆ ಕೂತಿದ್ದರೆ ಚಿತ್ರಾನ್ನದ ಆಸೆ ಬಿಡಬೇಕು. ತಟ್ಟೆಗೆ ಹರವಿ ಆರಿಸಿ, ಒಂದೆರಡು ಗಂಟೆಯೊಳಗೆ ಫ್ರಿಜ್ಜಿಗಿಟ್ಟ ಅನ್ನವಾದರೆ ಸರಿ.

ಇದಕ್ಕಿಂತ ದೊಡ್ಡ ದೋಷ ಬಡಿಸುವುದರಲ್ಲಿದೆ. ಎಲ್ಲರಿಗೂ ಬಿಸಿ ಬಿಸಿ ಬಡಿಸಿ, ಕೊನೆಗೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು ನಿನ್ನೆಯ ಹುಳಿ, ತಣ್ಣನೆಯ ಅನ್ನ ಉಣ್ಣುವ ಹೆಂಗಸರನ್ನು ನಾವು ಮಿತವ್ಯಯಿ ಎಂದು ಹೊಗಳುತ್ತ ಬಂದಿದ್ದೇವೆ. ಮನೆಯಲ್ಲಿ ಏನೂ ದಂಡವಾಗುವುದಿಲ್ಲ ಎಂಬ ಹೆಮ್ಮೆ ಒಬ್ಬಳ ಹೊಟ್ಟೆಯ ಮೇಲೆ ನಿಂತಿದ್ದರೆ ಆ ಹೆಮ್ಮೆಯನ್ನು ನಾನು ಒಪ್ಪಲಾರೆ. ಹಿತ್ತಿಲ ಬಾಗಿಲಲ್ಲಿ ಕೆಲಸದವರ ಕೈಗೆ ತಂಗಳು ಸುರಿದು ಪುಣ್ಯ ಬಂತೆಂದುಕೊಂಡದ್ದನ್ನೂ ಇದರೊಟ್ಟಿಗೇ ಸೇರಿಸಬೇಕು.

ಚಿತ್ರಾನ್ನ, ಎರಡನೆಯ ದಿನದ ಬಸ್ಸಾರುಗಳನ್ನು ನಾನು ಇಷ್ಟು ಎತ್ತಿ ಹಿಡಿಯುವುದಕ್ಕೆ ರುಚಿಯ ಜೊತೆಗೆ ಈ ಕಾರಣವೂ ಇದೆ. ಹಳತನ್ನು ಒಬ್ಬರಿಗೆ, ಹೊಸತನ್ನು ಇನ್ನೊಬ್ಬರಿಗೆ ಎಂದು ಅಲ್ಲಿ ಬೇರ್ಪಡಿಸಲು ಬರುವುದಿಲ್ಲ. ಬಾಣಲೆಯಲ್ಲಿ ಇರುವುದು ಒಂದೇ, ಮನೆಮಂದಿಯೆಲ್ಲ ಉಣ್ಣುವುದು ಅದನ್ನೇ. ಬೆಳಿಗ್ಗೆ ಅಕ್ಕಿ ಅಳೆಯುವವರು ಯಾರೇ ಆಗಿರಲಿ, ಗಂಡನೋ ಮಗನೋ, ರಾತ್ರಿಯ ಈ ಬಾಣಲೆಯನ್ನು ನೆನೆದು ಅರ್ಧ ಪಾವು ಹೆಚ್ಚು ಹಾಕಲಿ.